ಹಸಿವಿಲ್ಲದ ಸೊಸೆ

ಕಡೂರಿನ ಕೊಬ್ಬರಿ ವ್ಯಾಪಾರಿ ಷಡಕ್ಷರಿಯ ಹೆಂಡತಿ ವಿಮಲಾ ಮದುವೆಯಾಗಿ ಬಂದಾಗಲೇ ಸಣಕಲಿ. ಮೂರು ವರ್ಷದಲ್ಲಿ ಇನ್ನಷ್ಟು ಸವೆದಳು. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು, ರವಿಕೆಗಳನ್ನು ಮತ್ತೆ ಮತ್ತೆ ಒಳಗೆ ಹಿಡಿದು ಹೊಲಿದದ್ದಾಯಿತು. ಎಪ್ಪತ್ತೇಳನೇ ಇಸವಿಯ ಮಾತು. ಮನೆಯಲ್ಲಿ ಅನ್ನಕ್ಕಾಗಲಿ ತುಪ್ಪಕ್ಕಾಗಲಿ ಬರವಿರಲಿಲ್ಲ. ಅವಳಿಗೆ ಹಸಿವೇ ಇಲ್ಲ ಎಂದು ಬಂದುಹೋಗುವ ನೆಂಟರಿಗೆಲ್ಲ ಅತ್ತೆ ಗುರುಶಾಂತಮ್ಮ ಹೇಳಿಕೊಂಡು ಬೇಸರಪಡುತ್ತಿದ್ದರು.

ಹಸಿವು ಹುಟ್ಟಲು ಜಾಗ ಬೇಡವೇ? ಬೆಳಿಗ್ಗೆ ಮಿಂದು ಲಿಂಗಪೂಜೆ ಮುಗಿಸುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಆಮೇಲೆ ಒಂದು ಲೋಟ ಕಾಫಿ. ಅಲ್ಲಿಂದ ಮುಂದೆ ಮಾವ, ಗಂಡ, ಮೈದುನರು, ಕೊಬ್ಬರಿ ಮಂಡಿಗೆ ಬಂದ ಹಳ್ಳಿಯವರು, ಕೊನೆಗೆ ಅತ್ತೆ, ಇಷ್ಟೂ ಜನ ಉಂಡ ಮೇಲೆಯೇ ಸೊಸೆಯ ಪಾಳಿ. ಆ ಹೊತ್ತಿಗೆ ಬಿಸಿಲು ಇಳಿದಿರುತ್ತಿತ್ತು. ಎಂದೋ ಹುಟ್ಟಿದ ಹಸಿವು ಅಲ್ಲೇ ಸತ್ತು, ಸಾರಿನ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಆಗ ಗುರುಶಾಂತಮ್ಮ ಅವಳ ತಟ್ಟೆಗೆ ದೊಡ್ಡದೊಂದು ಮುದ್ದೆ, ಪಕ್ಕದಲ್ಲಿ ಅನ್ನದ ಗುಡ್ಡೆ, ಮೇಲೆ ಸೌಟು ತುಪ್ಪ ಸುರಿದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು.

"ಏಳಂಗಿಲ್ಲ ಕಣೇ. ತಟ್ಟೆ ತೊಳ್ದಂಗಾಗ್ಬೇಕು."

ಕಣ್ಣಲ್ಲಿ ಕಣ್ಣಿಟ್ಟು ಕಾಯುವವರ ಮುಂದೆ ತುತ್ತು ಇಳಿಯುವುದು ಹೇಗೆ? ಅರ್ಧಕ್ಕೇ ಓಕರಿಕೆ ಬಂದು ವಿಮಲಾ ಹಿತ್ತಲಿಗೆ ಓಡುತ್ತಿದ್ದಳು. ಗುರುಶಾಂತಮ್ಮ ರಾಕ್ಷಸಿಯೇನಲ್ಲ. ಸೊಸೆ ಮೈತುಂಬಿಕೊಳ್ಳಲಿ ಎಂದು ನಿಜವಾಗಿಯೂ ಬಯಸಿದವರು. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಹೆಣ್ಣುಮಗಳು ಬಾಯಾಡಿಸಿದರೆ ಅದು ಆಕೆಯ ಪಾಲಿಗೆ ಕಳ್ಳತನ. ಆಕೆಯ ಅತ್ತೆ ಹಾಗೆಂದಿದ್ದರು, ಆಕೆಯೂ ಹಾಗೇ ಅಂದರು.

ಅಮಾವಾಸ್ಯೆ ಬಂದರೆ ಮಂಡಿಯಲ್ಲಿ ತಕ್ಕಡಿಗೆ ಪೂಜೆ. ಮೂಟೆ ತೂಗುವ ದೊಡ್ಡ ತಕ್ಕಡಿ ಅದು. ದೀಪಾವಳಿ ಅಮಾವಾಸ್ಯೆಯಂದು ಮಂಗಳಾರತಿ ಆದಮೇಲೆ ಗುರುಶಾಂತಮ್ಮ ಸೊಸೆಯನ್ನು ಕರೆಸಿ ಒಂದು ತಟ್ಟೆಯಲ್ಲಿ ಕೂರಿಸಿದರು. ಇನ್ನೊಂದರಲ್ಲಿ ಕಬ್ಬಿಣದ ಕಲ್ಲುಗಳು. ವಿಮಲಾ ಕೂತ ತಟ್ಟೆ ಮೇಲಕ್ಕೆ ಹೋಗಿ ತೂಗಾಡುತ್ತ ನಿಂತಿತು. ಮೂಟೆ ಹೊರುವವರೆಲ್ಲ ಮುಖ ಆಚೆ ತಿರುಗಿಸಿದರು. ನಾಚಿಕೆಯಿಂದ ಅವಳಿಗೆ ಜೀವ ಹಿಡಿಯಷ್ಟಾಯಿತು.

"ಇದು ಮಗು ಹೊರೋ ಮೈಯಲ್ಲ," ಎಂದರು ಅತ್ತೆ. "ಯುಗಾದಿ ಅಮಾಸೆ ಹೊತ್ಗೆ ಈ ಕಲ್ಲು ಏಳ್ಬೇಕು. ಏಳ್ಲಿಲ್ವಾ, ನಿನ್ ತಂಗಿ ಮೀನಾಕ್ಷೀನ ತಂದ್ಕೊತೀವಿ. ಹೊರಗಿನೋಳೇನಲ್ಲ, ಇಬ್ರೂ ಹೊಂದ್ಕೊಂಡಿರಿ."

ಅಜ್ಜಂಪುರದ ತೌರಿನಲ್ಲಿ ಹೊಲಿಗೆ ಕಲಿಯುತ್ತಿದ್ದ ಮೀನಾಕ್ಷಿ! ತನಗೆ ಸವತಿ ಬರುವುದಕ್ಕಿಂತ ಆ ಹುಡುಗಿ ಈ ಅಡುಗೆಮನೆಗೆ ಬಂದು ಬೀಳುವುದೇ ವಿಮಲಾಳಿಗೆ ಹೆಚ್ಚು ಸಂಕಟ. ಗಂಡ ಒಬ್ಬನೇ ಇದ್ದಾಗ ಕೈಮುಗಿದಳು.

"ರೀ, ತಕ್ಕಡಿ ನಿಮ್ ಕೈಲೇ ಇರುತ್ತಲ್ಲ. ಆವತ್ತು ಒಂಚೂರು ಬೆರಳು ಒತ್ತಿ."

"ತೂಕದಲ್ಲಿ ಮೋಸ ಮಾಡೋದಾ? ಅದೊಂದು ಹೇಳ್ಬೇಡ ಕಣೇ," ಎಂದ ಷಡಕ್ಷರಿ. "ಸುಮ್ನೆ ಇನ್ನೆರಡು ತುತ್ತು ಜಾಸ್ತಿ ಉಣ್ಣು."

ಊರಿನ ಕೊಬ್ಬರಿಗೆಲ್ಲ ನ್ಯಾಯ, ಹೆಂಡತಿಗೆ ಬುದ್ಧಿವಾದ. ಅಡಕತ್ತರಿಯಲ್ಲಿ ಸಿಕ್ಕಿದಂತಾಯಿತು ಅವಳಿಗೆ. ಉಣ್ಣದಿದ್ದರೆ ತಂಗಿ ಬರುತ್ತಾಳೆ, ಉಣ್ಣಹೋದರೆ ವಾಂತಿ.

ಮನೆಯ ಅಟ್ಟದಲ್ಲಿ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗಲು ರಾಶಿ ಹಾಕಿರುತ್ತಿದ್ದರು. ಅವನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಚಿಪ್ಪಿನಿಂದ ಬಿಟ್ಟ ಕೊಬ್ಬರಿ ಗಿಟುಕು ಗಡಗಡ ಎನ್ನುವುದನ್ನೆಲ್ಲ ಬೇರೆ ಮಾಡುವುದು ಸೊಸೆಯ ಕೆಲಸ. ಒಂದು ದಿನ ಹೊತ್ತು ಏರುವ ವೇಳೆಗೆ ಏಣಿ ಹತ್ತಿ ಇಳಿದು ಕಾಯಿ ಆರಿಸುತ್ತಿದ್ದಾಗ ಹೊಟ್ಟೆಯಲ್ಲಿ ಹಸಿವು ಮಿಸುಕಾಡಿತು. ಪಕ್ಕದಲ್ಲೇ ಒಡಕು ಕೊಬ್ಬರಿ ಬಿದ್ದಿತ್ತು. ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಇಳಿಯಿತು! ಇನ್ನೊಂದು ಚೂರೂ ಇಳಿಯಿತು. ಎದುರಿಗೆ ಯಾರೂ ಕೂತಿರಲಿಲ್ಲ, ಅಷ್ಟೇ ವಿಶೇಷ.

ಮರುದಿನ ಸೆರಗಿನ ಗಂಟಿನಲ್ಲಿ ಬೆಲ್ಲದ ಹರಳು ಅಟ್ಟ ಹತ್ತಿತು. ಆಮೇಲೆ ಹುರಿಗಡಲೆ, ಕಡಲೆಕಾಯಿ ಬೀಜ, ಸಿಕ್ಕಿದರೆ ಬಾಳೆಹಣ್ಣು. ಒಮ್ಮೆಗೆ ಒಂದು ಹಿಡಿ, ಅಷ್ಟೇ. ಹಿಡಿಗಿಂತ ಹೆಚ್ಚಾದರೆ ಹೊಟ್ಟೆ ಬೇಡವೆನ್ನುತ್ತಿತ್ತು, ಅವಳೂ ಅದರ ಮಾತು ಕೇಳುತ್ತಿದ್ದಳು. ಊಟಕ್ಕೆ ಮುಂಚೆ ಒಂದು ಸಲ, ಸಂಜೆಗೆ ಮುನ್ನ ಮತ್ತೊಂದು ಸಲ, ಹಾಲು ಕಾಯಿಸುವಾಗ ನಿಂತಲ್ಲೇ ಕೆನೆ ಸಮೇತ ಅರ್ಧ ಲೋಟ. ಹಾಗೆ ಹೊಟ್ಟೆ ತೆರೆದುಕೊಂಡ ಮೇಲೆ ಅತ್ತೆಯ ಗುಡ್ಡೆಯಲ್ಲೂ ಒಂದಿಷ್ಟು ಉಳಿಯತೊಡಗಿತು, ಹಿತ್ತಲಿಗೆ ಓಡುವುದು ನಿಂತಿತು. ಆದರೆ ಏಣಿ ಕಿರ್ರೆಂದರೆ ಸಾಕು, ಬಾಯಲ್ಲಿದ್ದುದನ್ನು ಅಗಿಯದೆ ನುಂಗಿ ಕಾಯಿ ಅಲ್ಲಾಡಿಸುತ್ತ ಕೂರುತ್ತಿದ್ದಳು. ತನ್ನ ಮನೆಯ ಕೊಬ್ಬರಿಯನ್ನು ತಾನೇ ಕದ್ದು ತಿನ್ನುವ ಬಾಳು.

ಯುಗಾದಿ ಅಮಾವಾಸ್ಯೆಗೆ ಅವಳ ತಂದೆ ತೀರ್ಥಪ್ಪನೂ ಬಂದಿದ್ದ. ಬೀಗರು ಮೀನಾಕ್ಷಿಯ ಮೇಲೆ ಕಣ್ಣಿಟ್ಟಿದ್ದರಿಂದ ತರೀಕೆರೆಯ ಒಂದು ಸಂಬಂಧವನ್ನು ಮಾತು ಕೊಡದೆ ತಡೆಹಿಡಿದಿದ್ದ. ವಿಮಲಾ ಕಣ್ಣುಮುಚ್ಚಿ ತಕ್ಕಡಿಯಲ್ಲಿ ಕೂತಳು. ತಟ್ಟೆ ನಿಧಾನವಾಗಿ ಕೆಳಗಿಳಿದು ನೆಲಕ್ಕೆ ತಾಗಿತು.

"ನೋಡಿದ್ರಾ ಬೀಗ್ರೇ, ನನ್ ಕೈ ತುತ್ತು!" ಗುರುಶಾಂತಮ್ಮನ ಮುಖ ಊರಗಲವಾಯಿತು. "ನಮ್ಗಿನ್ಯಾಕೆ ಇನ್ನೊಬ್ಳು? ತರೀಕೆರೆಯೋರ್ಗೆ ಹೂಂ ಅಂದ್ಬಿಡಿ."

ತೀರ್ಥಪ್ಪನಿಗೆ ಕಣ್ಣು ತುಂಬಿತು. "ಹಂಗೇ ಆಗ್ಲಿ. ಆದ್ರೆ ಮೀನಾಕ್ಷಿನೂ ಕಡ್ಡಿ ಥರಾನೇ ಅವ್ಳೆ. ಮದ್ವೆ ಹೊತ್ಗೆ ಒಂಚೂರು ಮೈ ತುಂಬ್ಲಿ ಅಂದವ್ರೆ. ನೀವ್ ಹೆಂಗ್ ಮಾಡಿದ್ರಿ, ಹೇಳ್ಕೊಡಿ."

"ಏನಿಲ್ಲ, ಮಧ್ಯಾಹ್ನ ಇಳಿಯೋಗಂಟ ಏನೂ ಕೊಡ್ಬೇಡಿ, ಹೊಟ್ಟೆ ಕಾಯ್ಲಿ. ಆಮೇಲೆ ಗುಡ್ಡೆ ಹಾಕಿ ಎದುರ್ಗೆ ಕೂತ್ಕಳಿ. ಅತ್ರೂ ಏಳುಸ್ಬೇಡಿ."

ವಿಮಲಾ ತಕ್ಕಡಿಯಿಂದ ಇಳಿಯುತ್ತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಅಟ್ಟ ಅವಳಿಗಿರುತ್ತಿತ್ತು. ಅಪ್ಪ ತಲೆಯಾಡಿಸುತ್ತಿದ್ದುದನ್ನು ನೋಡಿದಳು, ತಡೆಯಲಾಗಲಿಲ್ಲ.

"ಬ್ಯಾಡ ಅಪ್ಪ, ಹಂಗ್ ಮಾಡ್ಬ್ಯಾಡ," ಎಂದಳು. "ಹಸಿವಾದಾಗ ಕೈಗೆ ಒಂದೊಂದ್ ಹಿಡಿ ಕೊಡಿ. ಕೊಬ್ರಿ, ಬೆಲ್ಲ, ಕಡ್ಲೆಬೀಜ. ಎದುರ್ಗೆ ಯಾರೂ ಕೂರ್ಬೇಡಿ. ನಾನು ಅಟ್ಟದಾಗೆ ಕದ್ದು ತಿಂದೆ. ಅದ್ಕೇ ತೂಕ ಬಂತು."

ಷಡಕ್ಷರಿ ಕಬ್ಬಿಣದ ಕಲ್ಲುಗಳನ್ನು ಸುಮ್ಮನೆ ಎತ್ತಿ ಬದಿಗಿಡತೊಡಗಿದ. ತೀರ್ಥಪ್ಪ ಮಗಳ ಮುಖವನ್ನೇ ನೋಡುತ್ತ, "ಆಯ್ತವ್ವ. ಹಂಗೇ ಮಾಡುಸ್ತೀನಿ," ಎಂದು ಟವೆಲ್ ಕೊಡವಿ ಎದ್ದ. ಬೀಗರ ಮುಂದೆ ಅಷ್ಟು ದೊಡ್ಡ ಅವಮಾನ ಗುರುಶಾಂತಮ್ಮನಿಗೆ ಎಂದೂ ಆಗಿರಲಿಲ್ಲ.

ಮರುದಿನ ಅಟ್ಟದ ಬಾಗಿಲಿಗೆ ಬೀಗ ಬಿತ್ತು. ಬೆಲ್ಲದ ಡಬ್ಬಿ, ಹುರಿಗಡಲೆ ಡಬ್ಬಿ ಅತ್ತೆಯ ಕೋಣೆ ಸೇರಿದವು. ವಿಮಲಾ ಸಾರಿಗೆ ಒಗ್ಗರಣೆ ಹಾಕಿ ಮಾವನಿಗೆ ತಟ್ಟೆ ಇಟ್ಟಳು. ಇನ್ನೂ ಗಂಡ, ಮೈದುನರು, ಹಳ್ಳಿಯವರು, ಅತ್ತೆ ಉಣ್ಣಬೇಕಿತ್ತು. ಹಸಿವಿಲ್ಲದವಳೆಂದು ಊರೆಲ್ಲ ಹೆಸರಾದವಳಿಗೆ ಆಗಲೇ, ಹೊತ್ತಿಗೆ ಸರಿಯಾಗಿ, ಹೊಟ್ಟೆ ಚುರುಗುಟ್ಟತೊಡಗಿತ್ತು.