ಹುಣಸೆಬೀಜದ ಸರಿ ಮತ್ತು ಎರಡು ಸೌಟು ಎಸರು

ಈವತ್ತು ಬೆಳಿಗ್ಗೆ ಮಗ ಲಕೋಟೆ ಅಂಟಿಸಲು ಕಾಸಿಟ್ಟಿದ್ದ ಮೈದಾ ಸರಿ ಚಳಿಗೆ ಗಟ್ಟಿಯಾಗಿತ್ತು. ಅವನು ಚೊಂಬು ಎತ್ತಿ ಬಿಸಿನೀರು ಬಗ್ಗಿಸಲು ಹೋದ. "ಬ್ಯಾಡ ಕಣೋ!" ಎಂದು ನಾನು ಕೂಗಿದ ರಭಸಕ್ಕೆ ಚೊಂಬು ಕೆಳಗೆ ಬಿತ್ತು. ಲಕೋಟೆಯ ಅಂಟಿಗೆ ಇಷ್ಟು ಗಾಬರಿಯೇ ಎಂದು ನೀವೂ ನಗಬಹುದು. ನಗಿ, ಆದರೆ ಮೊದಲು ಕೇಳಿ.

ನಾನು ದುರ್ಗದವಳು. ನಾಲ್ಕನೇ ಕ್ಲಾಸು ಓದಿದ್ದೇನೆಂದು ನನಗೆ ಸ್ವಲ್ಪ ಜಂಬವಿತ್ತು. ಮದುವೆಯಾಗಿ ಎತ್ತಿನ ಗಾಡಿಯಲ್ಲಿ ಎರಡು ದಿನ ಕುಲುಕಿಕೊಂಡು ಶ್ರೀರಾಂಪುರದ ಹತ್ತಿರ ಕಂಬಳಿ ನೇಯುವವರ ಮನೆ ಸೇರಿದೆ. ಮೋಟಾರು ಎಂಬುದನ್ನು ಆ ಕಡೆ ಯಾರೂ ಕಂಡಿರಲಿಲ್ಲ. ಅಲ್ಲಿ ನನ್ನ ಓದು ಒಂದು ಬಿಡಿಗಾಸಿಗೂ ಬಾಳಲಿಲ್ಲ. ಕುರಿಯ ಉಣ್ಣೆಯ ನೂಲು ಒರಟು, ಮೈತುಂಬ ಜುಂಗು. ಮಗ್ಗಕ್ಕೆ ಉದ್ದುದ್ದ ಹೂಡುವ ಹಾಸಿನ ನೂಲನ್ನು ಬಯಲಲ್ಲಿ ಗೂಟಕ್ಕೆ ಬಿಗಿದು, ಹುಣಸೆಬೀಜ ಹುರಿದು ರುಬ್ಬಿ ಕಾಸಿದ ಸರಿಯನ್ನು ಕುಂಚದಿಂದ ತಿಕ್ಕಿದರೆ ಮಾತ್ರ ಅದು ಮಗ್ಗದ ಎಳೆತ ತಡೆಯುತ್ತದೆ. ಬೇಸಗೆಯಲ್ಲಿ ಕುಂಚ ಆಡುವ ಮೊದಲೇ ಸರಿ ಒಣಗಿ ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಚಳಿಗಾಲದಲ್ಲಿ ಮಡಕೆಯಲ್ಲೇ ಹೆಪ್ಪುಗಟ್ಟುತ್ತದೆ. ಅದರ ಹದ ಗೊತ್ತಿದ್ದದ್ದು ನಮ್ಮತ್ತೆಯ ಬೆರಳಿಗೊಂದೇ.

ನಾದಿನಿ ನಿಂಗಮ್ಮನ ಮದುವೆಗೆ ಎಂಟೇ ದಿನ ಉಳಿದಿತ್ತು. ಹೆಣ್ಣು ಗಂಡನ್ನು ಹೊಸ ಕಂಬಳಿಯ ಮೇಲೆ ಕೂರಿಸುವುದು ನಮ್ಮವರ ಪದ್ಧತಿ. ನೇಯುವವರ ಮನೆಯವರು ಅದನ್ನು ಸಂತೆಯಿಂದ ತಂದರೆ ನಗೆಪಾಟಲು. ಅತ್ತೆ ವರ್ಷವಿಡೀ ಅದಕ್ಕಾಗಿಯೇ ನೂತಿದ್ದರು. ಸರಿ ಕಾಸುವ ದಿನ ನೋಡಿದರೆ ಅವರಿಗೆ ಚಳಿಜ್ವರ. ಮಲಗಿದಲ್ಲಿಂದಲೇ ಹೇಳಿದರು: "ಬಿಸಿ ಇದ್ದಂಗೇ ಹಚ್ಚಿಸವ್ವ. ಆರಿದ್ರೆ ತಿರುಗಾ ಒಲೆ ಮೇಲೆ ಇಡು. ನೀರು ಮಾತ್ರ ಹಾಕಬ್ಯಾಡ."

ನಾನು ಚೆನ್ನಾಗಿಯೇ ಕಾಸಿದೆ, ಅದು ಸುಳ್ಳಲ್ಲ. ಆದರೆ ಹಾಸಿನ ನೂಲಿಗೆ ಭಂಡಾರದ ಅರಿಸಿನ ಹಚ್ಚಿ ಕಾಯಿ ಒಡೆಯದೆ ಮಾವ ಕುಂಚ ಮುಟ್ಟುವವರಲ್ಲ, ಕಾಯಿ ಒಡೆಯಬೇಕಾದ ಹಿರಿಯರು ಬರುವುದು ತಡವಾಯಿತು. ಮಾಗಿಯ ಗಾಳಿ ಸುಯ್ಯೆನ್ನುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ ಸರಿ ಹಾಲುಬಾಯಿಯ ಹಾಗೆ ಕೂತಿದೆ! ಮಡಕೆ ಎತ್ತಿಕೊಂಡು ಒಳಗೆ ಓಡಿದೆ. ಒಲೆಯ ಮೇಲೆ ನೆಂಟರ ಮುದ್ದೆಗೆ ಇಟ್ಟ ಎಸರು ಕುದಿಯುತ್ತಿತ್ತು. ಅದನ್ನು ಇಳಿಸಿ ಸರಿಯನ್ನು ಮತ್ತೆ ಕಾಸುವಷ್ಟು ಹೊತ್ತು ಎಲ್ಲಿದೆ? ಹೊರಗೆ ಕಾಯಿ ಒಡೆದ ಸದ್ದು ಕೇಳಿಸಿತು. ಹೊಗೆಯ ಮರೆಯಲ್ಲಿ ಯಾರೂ ನೋಡಲಿಲ್ಲವೆಂದುಕೊಂಡು ಎರಡು ಸೌಟು ಎಸರು ತೋಡಿ ಮಡಕೆಗೆ ಸುರಿದೆ.

ಸರಿ ಬೆಣ್ಣೆಯಂತಾಯಿತು. "ಭೇಷಾಗೈತೆ ಕಣವ್ವ, ಅತ್ತೆ ಕೈಯೇ ಬಂದೈತೆ ನಿಂಗೆ," ಎಂದರು ಮಾವ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಬಿಸಿಲು ಏರಿದ ಮೇಲೆ ಕಳ್ಳಿಯಂತೆ ಹೋಗಿ ಎಳೆ ಮುಟ್ಟಿ ನೋಡಿದೆ. ಬಿರುಸೇ ಇಲ್ಲ, ಜುಂಗು ಮತ್ತೆ ಎದ್ದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗ್ಗದಲ್ಲಿ ಎಳೆ ಪಟ್ಟೆಂದಾಗಲೆಲ್ಲ ಮಾವ ಕೂತು ಗಂಟು ಹಾಕುತ್ತಿದ್ದರು. "ಚಳಿ ಜಾಸ್ತಿ ಆತು ಈ ಸಲ," ಎಂದು ಗೊಣಗುತ್ತಿದ್ದರು. ನಾನೂ ಪಕ್ಕದಲ್ಲಿ ನಿಂತು ಚಳಿಯನ್ನು ಬೈಯುತ್ತಿದ್ದೆ, ಅವರಿಗಿಂತ ಜೋರಾಗಿ.

ಕಂಬಳಿ ಹೇಗೋ ಮುಗಿಯಿತು. ಆದರೆ ಹಾಸಿದ ಮೇಲೆ ಕಂಡೆ, ಅಂಚಿನ ಹತ್ತಿರ ಎಳೆ ಬಿಟ್ಟು ಹೆಬ್ಬೆಟ್ಟು ತೂರುವಷ್ಟು ಬಾಯಿ ತೆರೆದಿದೆ. ಹಸೆಯ ಕಂಬಳಿ ಹರಿದರೆ ಸಂಸಾರ ಹರಿದಂತೆ ಎನ್ನುವವರೆಲ್ಲ ಅಲ್ಲಿಯೇ ಕೂತಿದ್ದರು. ತಾಳಿ ಕಟ್ಟಿದ್ದನ್ನು ನಾನು ನೋಡಲಿಲ್ಲ, ಆ ತೂತನ್ನೇ ನೋಡುತ್ತಿದ್ದೆ. ಅಕ್ಷತೆ ಹಾಕುವವರು ಅಡ್ಡ ಬಂದು ಸರಿಯುವಷ್ಟರಲ್ಲಿ ಅದು ಮರೆಯಾಗಿತ್ತು. ಸೀರೆಯ ನೆರಿಗೆ ಬಿದ್ದಿರಬೇಕು, ದೇವರು ದೊಡ್ಡವನು ಎಂದುಕೊಂಡೆ.

ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ನಿಂಗಮ್ಮನ ಊರಿಂದ ಯಾರಾದರೂ ಬಂದರೆ ಮೊದಲು ಅವರ ಮುಖ ನೋಡುತ್ತಿದ್ದೆ. ಅವಳ ಗಂಡನಿಗೆ ಕೆಮ್ಮು ಬಂದರೂ ನನ್ನ ಎಸರೇ ಕಾರಣವೆನಿಸುತ್ತಿತ್ತು. ಅತ್ತೆ ಮಾವ ತೀರಿಕೊಂಡರು. ಅವರಿಗೆ ಹೇಳಲು ಬಾಯಿ ಬರಲೇ ಇಲ್ಲ.

ನಿಂಗಮ್ಮ ನಿನ್ನೆ ಬಂದಿದ್ದಾಳೆ, ತಲೆಯೆಲ್ಲ ನೆರೆತಿದೆ. ಬೆಳಿಗ್ಗೆ ನನ್ನ ಕೂಗು ಕೇಳಿ ಎದ್ದು ಬಂದಳು. ಮಗ ಆಚೆ ಹೋದ ಮೇಲೆ ಅವಳ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ.

"ಅಯ್ಯ, ಅದು ನಂಗೊತ್ತಿಲ್ವ ಅತ್ಗೆ?" ಎಂದಳು. "ಅವತ್ತು ಎಸರು ಕಾಯ್ತಾ ಒಲೆ ಪಕ್ಕ ಕುಂತಿದ್ದೋಳು ನಾನೇ. ಹಸೇಲಿ ಆ ತೂತು ಕಂಡಿದ್ದೇ ಅದರ ಮ್ಯಾಲೆ ಕಾಲು ಇಟ್ಟೆ. ತೆಗುದ್ರೆ ನಿನ್ನ ಸುಮ್ನೆ ಬಿಡ್ತಿದ್ರಾ? ಜೋಮು ಹಿಡ್ದು ಏಳಾಕೂ ಆಗ್ಲಿಲ್ಲ. ಹೆಣ್ಣಿಗೆ ನಾಚಿಕೆ ಅಂದ್ಕಂಡ್ರು ಜನ."

ನನಗೆ ಅಳು ತಡೆಯಲಾಗಲಿಲ್ಲ. ಅವಳ ಎಡಗಾಲು ಎಳೆದು ತೊಡೆಯ ಮೇಲಿಟ್ಟುಕೊಂಡೆ. "ದೊಡ್ಡೋಳು ನೀನು, ನನ್ನ ಕಾಲು ಮುಟ್ಟಬಾರ್ದು, ಬಿಡು," ಎಂದು ಕೊಸರಿದಳು. ನಾನು ಬಿಡಲಿಲ್ಲ, ಒತ್ತುತ್ತಲೇ ಕೂತೆ.

"ಆ ಕಾಲಲ್ಲ ಅತ್ಗೆ," ಎಂದಳು ಸ್ವಲ್ಪ ಹೊತ್ತಾದ ಮೇಲೆ. "ಇನ್ನೊಂದು."