ಮನಿಲಾದ ನಟಿ ಕುಣಿಗಲ್ಲಿನ ಹಗಲು ನಾಟಕ ನೋಡಿದ್ದು

ಫೆಬ್ರವರಿಯ ಒಂದು ಶನಿವಾರ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ನಾನು ಮತ್ತು ಲಿಗಾಯ ತುಮಕೂರಿನ ಬಸ್ಸು ಹತ್ತಿದೆವು. ಆಧಾರ್ ತೋರಿಸಿದ್ದಕ್ಕೆ ನನ್ನ ಟಿಕೆಟ್ಟು ಉಚಿತವಾಯಿತು. ಕಂಡಕ್ಟರು ಲಿಗಾಯ ಅವರ ಮುಖ ನೋಡಿ, ಮತ್ತೆ ನನ್ನ ಮುಖ ನೋಡಿ, "ಇವ್ರು ಯಾವ ಕಡೆಯೋರು ಮೇಡಂ, ಮಣಿಪುರನಾ?" ಎಂದ. ಫಿಲಿಪ್ಪೀನ್ಸ್ ಎಂದೆ. "ಯಾವ್ದಾದ್ರೂ ಆಗ್ಲಿ ಬುಡಿ, ಕರ್ನಾಟಕದೋರಲ್ಲ ಅಂದ್ಮೇಲೆ ಕಾಸು ಕೊಡ್ಬೇಕು" ಎಂದು ಟಿಕೆಟ್ ಹರಿದುಕೊಟ್ಟ. ಲಿಗಾಯ ಅದನ್ನು ಜೋಪಾನವಾಗಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು.

ನಾನು ತುಮಕೂರಿನ ಬಟವಾಡಿಯವಳು. ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾಗಿ ಊರಿಗೆ ಬಂದವಳು. ಅಲ್ಲಿ ವರ್ಷಗಟ್ಟಲೆ ಒಂದೇ ವಾರ್ಡಿನಲ್ಲಿ ದುಡಿದು, ಒಂದೇ ಕೋಣೆಯಲ್ಲಿ ಮಲಗಿ ಎದ್ದ ಗೆಳತಿ ಮಾರಿಸೆಲ್. ಅವಳ ಅಕ್ಕ ಈ ಲಿಗಾಯ. ಮನಿಲಾದಲ್ಲಿ ನಾಟಕ, ಸಿನಿಮಾ, ಟೀವಿ ಮೂರರಲ್ಲೂ ಹೆಸರು ಮಾಡಿದವರು. ವಯಸ್ಸು ಎಪ್ಪತ್ತು ದಾಟಿದೆ. ಬೆಂಗಳೂರಿನಲ್ಲಿ ನಾಟಕದವರ ಒಂದು ಸಮಾವೇಶಕ್ಕೆ ಬಂದಿದ್ದರು. ಹಿಂದೆ ಪರದೆ, ಪೆಟ್ಟಿಗೆ ಹೊತ್ತು ಊರೂರು ಸುತ್ತಿದ ದೊಡ್ಡ ನಾಟಕ ಕಂಪನಿ ಹುಟ್ಟಿದ್ದು ಗುಬ್ಬಿಯಲ್ಲಿ ಎಂದು ಯಾರದೋ ಭಾಷಣದಲ್ಲಿ ಕೇಳಿ, ಆ ಊರು ನೋಡಲೇಬೇಕು ಎಂದು ಹಟ ಹಿಡಿದಿದ್ದರು.

ಮಾರಿಸೆಲ್ ಹಿಂದಿನ ದಿನವೇ ಫೋನು ಮಾಡಿದ್ದಳು. "ಊರು ತೋರಿಸು. ಹಾಗೇ ನರ್ಸ್ ಕಣ್ಣಲ್ಲಿ ಅಕ್ಕನನ್ನೂ ಒಂದಿಷ್ಟು ನೋಡು" ಎಂದಳು. ಕಳೆದ ವರ್ಷ ನಾಟಕದ ನಡುವೆ ಲಿಗಾಯ ಅವರಿಗೆ ಮಾತು ಪೂರ್ತಿ ಮರೆತುಹೋಗಿ, ಪರದೆ ಎಳೆಯಬೇಕಾಗಿ ಬಂದಿತ್ತು. ಆಮೇಲೆ ಅವರು ರಂಗ ಹತ್ತಿರಲಿಲ್ಲ. ಈಗ ಹೊಸ ನಾಟಕವೊಂದರಲ್ಲಿ ಅಜ್ಜಿಯ ಪಾತ್ರಕ್ಕೆ ಕರೆ ಬಂದಿದೆ. ಕಿವಿಯೊಳಗೆ ಒಂದು ಸಣ್ಣ ಯಂತ್ರ ಇಡುತ್ತೇವೆ, ಮಾತೆಲ್ಲ ಒಳಗಿನಿಂದ ಹೇಳಿಕೊಡುತ್ತೇವೆ ಎಂದು ನಿರ್ದೇಶಕ ಹೇಳಿದ್ದಾನೆ. ಸೋಮವಾರದೊಳಗೆ ಆಗುತ್ತದೋ ಇಲ್ಲವೋ ತಿಳಿಸಬೇಕು. "ಈ ವಯಸ್ಸಲ್ಲಿ ಜನರ ಮುಂದೆ ಮರ್ಯಾದೆ ಕಳ್ಕೊಳ್ಳೋದು ಯಾಕೆ? ನನ್ನ ಮಾತು ಕೇಳಲ್ಲ. ನೀನು ನರ್ಸು, ನೀನು ಬೇಡ ಅಂದ್ರೆ ಕೇಳ್ತಾಳೆ" ಎಂದಳು ಮಾರಿಸೆಲ್. ನಾಟಕದ ವಿಷಯದಲ್ಲಿ ನನ್ನದು ಕೋಣನ ಮುಂದೆ ಕಿನ್ನರಿಯ ಕಥೆ. ಆದರೆ ಮರೆವನ್ನು ಸಾಕಷ್ಟು ನೋಡಿದ್ದೇನೆ. ಒಪ್ಪಿಕೊಂಡೆ.

ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದೆವು. ಬಿಸಿಲು ಆಗಲೇ ಏರಿತ್ತು. ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡಿದ ಲಿಗಾಯ, "ನಮ್ಮಮ್ಮ ಇದನ್ನೇ ಮಾರ್ತಿದ್ದಳು" ಎಂದರು ಇಂಗ್ಲಿಷಿನಲ್ಲಿ. ಅವರದು ಕಬ್ಬು ಬೆಳೆಯುವ ದ್ವೀಪದ ಒಂದು ಪೇಟೆ. ಇಗರ್ಜಿಯ ಎದುರಿನ ಬಯಲಿನಲ್ಲಿ ತಾಯಿ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಕಡುಬು ಮಾರುತ್ತಿದ್ದರಂತೆ. ಊರ ಹಬ್ಬಕ್ಕೆ ಅಲ್ಲೇ ಚಪ್ಪರ ಹಾಕಿ ರಾಜ ರಾಣಿಯರ ಪದ್ಯನಾಟಕ ಆಡುತ್ತಿದ್ದರು. ಹದಿನೈದರ ಲಿಗಾಯ ಮೊದಲು ಬಣ್ಣ ಹಚ್ಚಿದ್ದು ಅಲ್ಲಿ. ಒಬ್ಬ ಮುದುಕ ಮರೆಯಲ್ಲಿ ಕೂತು ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಹೇಳಿಕೊಡುತ್ತಿದ್ದ. ಆಡುವವರು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಬೇಕು.

"ಮತ್ತೆ ಕಿವಿಗೆ ಯಂತ್ರ ಇಟ್ಟರೆ ಏನು ತಪ್ಪು?" ಎಂದು ಕೇಳಿದೆ.

"ಅಲ್ಲಿ ಎಲ್ಲರಿಗೂ ಹೇಳಿಕೊಡ್ತಿದ್ದರು, ಯಾರಿಗೂ ನಾಚಿಕೆ ಇರಲಿಲ್ಲ. ಈಗ ನನಗೊಬ್ಬಳಿಗೇ ಹೇಳಿಕೊಡ್ತಾರೆ. ಕಿವಿಯಲ್ಲಿ ಯಾರೋ ಮಾತಾಡ್ತಾ ಇದ್ದರೆ ಎದುರಿಗೆ ನಿಂತವನ ಮಾತು ನಾನು ಹೇಗೆ ಕೇಳಲಿ ರತ್ನಾ?" ಎಂದರು. ಏಳುವ ಮೊದಲು ಆ ತಿಂಡಿಯ ಹೆಸರೇನು ಎಂದು ಕೇಳಿದರು. ಹೇಳಿದೆ. ಆಟೋದಲ್ಲಿ ಮತ್ತೆ ಕೇಳಿದರು. ಬಟವಾಡಿಯ ನಮ್ಮ ಮನೆಯ ಬಾಗಿಲಲ್ಲಿ ಇನ್ನೊಮ್ಮೆ ಕೇಳಿದರು. ಪರಭಾಷೆಯ ಹೆಸರು ಮರೆತರೆ ಅದು ಕಾಯಿಲೆಯಲ್ಲ ಎಂದುಕೊಂಡೆ. ಆದರೂ ಗಮನದಲ್ಲಿ ಇಟ್ಟುಕೊಂಡೆ.

ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಬಿಸಿಲು ಇಳಿಯುವ ಹೊತ್ತಿಗೆ ಗುಬ್ಬಿಗೆ ಹೊರಟೆವು. ಇಪ್ಪತ್ತು ಕಿಲೋಮೀಟರ್ ದಾರಿ, ಎರಡೂ ಕಡೆ ತೆಂಗು. ಬಸ್ಸಿನಲ್ಲಿ ಸಿನಿಮಾದ ಕಥೆ ಬಂತು. ಮನಿಲಾಕ್ಕೆ ಹೋದ ಹೊಸದರಲ್ಲಿ ನಾಯಕಿಯ ಗೆಳತಿ, ಆಮೇಲೆ ನಾಯಕಿಯ ಚಿಕ್ಕಮ್ಮ, ಕೊನೆಗೆ ಕೆಟ್ಟ ಅತ್ತೆ. ಒಂದೇ ಒಂದು ಸಿನಿಮಾದಲ್ಲಿ ನಾಯಕಿಯಾಗಿದ್ದರು, ಅದು ಓಡಲಿಲ್ಲ. ಟೀವಿ ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕಿದ ವಾರ ಮಾರುಕಟ್ಟೆಯಲ್ಲಿ ಮೀನು ಮಾರುವವಳೊಬ್ಬಳು ಇವರ ತೋಳು ಚಿವುಟಿದ್ದಳಂತೆ. "ನಾನು ಪಡೆದ ಅತ್ಯುತ್ತಮ ಪ್ರಶಸ್ತಿ ಅದು" ಎಂದು ನಕ್ಕರು. ಧಾರಾವಾಹಿಯಲ್ಲಿ ಅವರನ್ನು ಸಾಯಿಸಿ, ಜನ ಕೇಳಿದರೆಂದು ಅವಳಿ ತಂಗಿಯಾಗಿ ವಾಪಸು ತಂದರಂತೆ. ನಮ್ಮಲ್ಲೂ ಹೀಗೇ ಎಂದೆ. ಸಿನಿಮಾ, ಟೀವಿ ಹೊಟ್ಟೆಗೆ ಅನ್ನ ಹಾಕಿದವು; ಮನಸ್ಸು ಇದ್ದದ್ದು ನಾಟಕದಲ್ಲಿ. ವರ್ಷಕ್ಕೊಂದು ನಾಟಕ ಆಡದೆ ಬಿಟ್ಟಿದ್ದು ಹೆರಿಗೆಯ ವರ್ಷ ಮತ್ತು ಈ ಒಂದು ವರ್ಷ ಮಾತ್ರ.

ಗುಬ್ಬಿಯಲ್ಲಿ ನೋಡಲು ಹೆಚ್ಚೇನೂ ಸಿಗಲಿಲ್ಲ. ರಂಗಮಂದಿರಕ್ಕೆ ಬೀಗ ಹಾಕಿತ್ತು. ಬೀಗದ ಕೈ ಇರುವವರು ಮದುವೆಗೆ ಹೋಗಿದ್ದಾರೆ ಎಂದು ಪಕ್ಕದ ಬೇಕರಿಯವರು ಹೇಳಿದರು. ಲಿಗಾಯ ಕಿಟಕಿಯ ಸಂದಿಯಿಂದ ಇಣುಕಿ, ಒಳಗೆ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿ ನೋಡಿ ಬಂದರು. ಅವರ ಮುಖ ಸಣ್ಣಗಾಗಿತ್ತು. ಆ ಕಂಪನಿಯವರು ರಂಗಕ್ಕೇ ತರುತ್ತಿದ್ದ ಆನೆ, ಅಂಬಾರಿ ನಾನೂ ತೋರಿಸಲಾರೆ ಎಂದೆ.

ಬಸ್ ಸ್ಟ್ಯಾಂಡಿಗೆ ಹಿಂತಿರುಗುವ ದಾರಿಯಲ್ಲಿ ಒಂದು ಅಂಗಡಿಯ ಮುಂದೆ ಕಿರೀಟ, ಗದೆ, ಭುಜಕೀರ್ತಿಗಳನ್ನು ಇಳಿಬಿಸಿಲಿಗೆ ಹರವಿದ್ದರು. ಹಳ್ಳಿಯ ನಾಟಕಗಳಿಗೆ ಡ್ರೆಸ್ಸು, ಸೀನರಿ ಬಾಡಿಗೆಗೆ ಕೊಡುವ ಅಂಗಡಿ. ಯಜಮಾನ ರುದ್ರಣ್ಣ, ಹಣೆಯ ತುಂಬ ವಿಭೂತಿ. ಇವರು ದೂರದ ದೇಶದ ನಟಿ ಎಂದಾಗ ತಾನು ಕೂತಿದ್ದ ಸ್ಟೂಲನ್ನೇ ಒರೆಸಿಕೊಟ್ಟರು.

"ಬೀಗ ನೋಡಕ್ಕೆ ಅಷ್ಟು ದೂರದಿಂದ ಬಂದ್ರಾ ಅಕ್ಕ? ನಾಟಕ ಸತ್ತಿಲ್ಲ ಕಣ್ರೀ. ನಾಳೆ ಕುಣಿಗಲ್ ಮದುವೆ ಛತ್ರದಲ್ಲಿ ಐತೆ, ಈ ಡ್ರೆಸ್ಸೆಲ್ಲ ಅಲ್ಲಿಗೇ ಹೋಯ್ತಿರೋದು. ಈಗೀಗ ರಾತ್ರಿ ಆಡಿದ್ರೆ ಯಾರು ಕೂತ್ಕತಾರೆ? ಬೆಳಿಗ್ಗೆ ಹತ್ತಕ್ಕೆ ಪರದೆ ಎತ್ತದು, ಮಧ್ಯಾಹ್ನ ಊಟ ಹಾಕಿ ಕಳ್ಸದು."

ಭಾನುವಾರ ಹೆಬ್ಬೂರಿನ ದಾರಿಯಾಗಿ ಕುಣಿಗಲ್ಲಿಗೆ ಹೋದೆವು. ಕೆರೆಯಲ್ಲಿ ನೀರು ಚೆನ್ನಾಗಿತ್ತು. ಛತ್ರದ ಮುಂದೆ ಆಡುವವರೆಲ್ಲರ ಫೋಟೋ ಹಾಕಿದ ಫ್ಲೆಕ್ಸ್ ಕಟ್ಟಿದ್ದರು. ರಾಜನ ಪಾತ್ರದ ಗಂಗಣ್ಣ ಕೊಬ್ಬರಿ ವ್ಯಾಪಾರಿ. ಅವರ ಫೋಟೋ ಎಲ್ಲರಿಗಿಂತ ದೊಡ್ಡದು. ನಮ್ಮ ಕಡೆಯ ಪೌರಾಣಿಕ ನಾಟಕದ ಕ್ರಮವನ್ನು ಲಿಗಾಯ ಅವರಿಗೆ ವಿವರಿಸಿದೆ. ಗಂಡಸರ ಪಾತ್ರ ಊರಿನವರದೇ. ತಮ್ಮ ಪಾತ್ರಕ್ಕೆ ತಾವೇ ಖರ್ಚು ಹಾಕಿಕೊಂಡು, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿಯುತ್ತಾರೆ. ಹೆಂಗಸರ ಪಾತ್ರಕ್ಕೆ ಮಾತ್ರ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ, ಅವರು ಬರುವುದು ನಾಟಕದ ದಿನವೇ.

"ರಿಹರ್ಸಲ್ ಇಲ್ಲದೆ?" ಎಂದು ಲಿಗಾಯ ಅಲ್ಲೇ ನಿಂತುಬಿಟ್ಟರು.

ರಾಣಿಯ ಪಾತ್ರಧಾರಿ ಪಂಕಜಮ್ಮ ತುಮಕೂರಿನವರೇ. ವಧುವಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತು, ಕೈಗನ್ನಡಿ ಹಿಡಿದು ತಾವೇ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಲಿಗಾಯ ಅವರಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ನಾನು ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸಿದೆ.

"ರಾಜ ಯಾರು ಅಂತ ನಂಗೆ ಗೊತ್ತಾಗೋದೇ ಬೆಳಿಗ್ಗೆ ಕಣಮ್ಮ" ಎಂದರು ಪಂಕಜಮ್ಮ. "ಇವತ್ತು ಈ ಊರಿನ ಗಂಡ, ಮುಂದಿನ ವಾರ ಇನ್ನೊಂದೂರಿನ ಗಂಡ. ನಾಟಕ ಅದೇ, ನಾನೂ ಅದೇ."

ಲಿಗಾಯ ನೇರವಾಗಿ ಕೇಳಿದರು: ರಂಗದ ಮೇಲೆ ಮಾತು ಮರೆತರೆ ಏನು ಮಾಡುತ್ತೀರಿ? ದಾಟಿಸುವಾಗ ನನ್ನ ದನಿ ಸ್ವಲ್ಪ ತಗ್ಗಿತು.

ಪಂಕಜಮ್ಮ ಹುಬ್ಬು ತೀಡುವುದನ್ನು ನಿಲ್ಲಿಸಲಿಲ್ಲ. "ಮರೀತದೆ. ಮರೀದೆ ಇದ್ರೆ ನಾನೇನು ಟೇಪ್ ರೆಕಾರ್ಡಾ? ನಂಗೆ ರಾಜನ ಮಾತೂ ಗೊತ್ತು, ಮಂತ್ರಿ ಮಾತೂ ಗೊತ್ತು. ನನ್ನ ಮಾತು ಜಾರಿದ್ರೆ ಎದುರಿನೋರ ಮಾತು ಹಿಡ್ಕಂಡು ವಾಪಸ್ ಬತ್ತೀನಿ. ನನ್ನ ಪಾರ್ಟು ಒಂದನ್ನೇ ಕಲ್ತಿದ್ರೆ ಎಂದೋ ಮನೇಲಿ ಕೂತಿರ್ತಿದ್ದೆ."

ಲಿಗಾಯ ಪಂಕಜಮ್ಮನವರ ಜಡೆಬಿಲ್ಲೆ ಜಾರುತ್ತಿದ್ದುದನ್ನು ನೋಡಿ, ಎದ್ದುಹೋಗಿ ಸರಿಯಾಗಿ ಸಿಕ್ಕಿಸಿದರು.

ಪರದೆ ಎದ್ದಾಗ ಹನ್ನೊಂದು ದಾಟಿತ್ತು. ನಾವು ಮುಂದಿನ ಸಾಲಿನಲ್ಲಿ ಕೂತೆವು. ಗಂಗಣ್ಣನವರ ಗಂಟಲು ದೊಡ್ಡದು. ಮೊದಲ ಎರಡು ಹಾಡಿಗೂ ಅವರ ಕೊಬ್ಬರಿ ಮಂಡಿಯ ಸ್ನೇಹಿತರು ಒನ್ಸ್ ಮೋರ್ ಕೂಗಿದರು. ಎಡವಟ್ಟಾದದ್ದು ಅಂತಃಪುರದ ದೃಶ್ಯದಲ್ಲಿ. ಕೋಪಗೊಂಡ ರಾಜನ ಕಾಲಿಗೆ ರಾಣಿ ಬಿದ್ದು ಕ್ಷಮೆ ಕೇಳಬೇಕು. ರಾಣಿ ಬಾಯಿ ತೆರೆಯುವ ಮೊದಲೇ ರಾಜ ಮೀಸೆಯ ಮೇಲಿನ ಕೈ ತೆಗೆದು, ಎರಡೂ ಕೈ ಜೋಡಿಸಿ, ಅದೇ ಗಂಭೀರ ಕಂಠದಲ್ಲಿ, "ಪ್ರಾಣನಾಥ, ಈ ದಾಸಿಯಿಂದ ಅಪರಾಧವಾಗಿದ್ದರೆ ಕ್ಷಮಿಸಿ" ಎಂದುಬಿಟ್ಟ.

ಛತ್ರವೆಲ್ಲ ಶಿಳ್ಳೆ. ಮೇಷ್ಟ್ರ ಬೆರಳು ಹಾರ್ಮೋನಿಯಂ ಮೇಲೆ ಹಾಗೇ ನಿಂತಿತು. ಗಂಗಣ್ಣ ಕೈ ಜೋಡಿಸಿಕೊಂಡೇ ಕಲ್ಲಾಗಿದ್ದರು. ಆಗಿದ್ದೇನೆಂದು ಆಮೇಲೆ ಊಟದ ಸಾಲಿನಲ್ಲಿ ಅವರೇ ಹೇಳಿದರು: "ಪ್ರಾಕ್ಟೀಸಲ್ಲಿ ರಾಣಿ ಎಲ್ಲಿರ್ತಾಳೆ ಸಿಸ್ಟರ್? ಅವಳ ಮಾತೂ ನಾನೇ ಯೋಳ್ಕಂಡು, ನನ್ನ ಮಾತೂ ನಾನೇ ಯೋಳ್ತಿದ್ದೆ. ಅಭ್ಯಾಸ ಬಲ, ಬಂದ್ಬುಡ್ತು."

ರಾಜ ಹಾಗೆ ನಿಂತಿದ್ದಾಗ ಲಿಗಾಯ ನನ್ನ ಮಣಿಕಟ್ಟು ಹಿಡಿದಿದ್ದರು. ಅವರಿಗೆ ಒಂದು ಅಕ್ಷರ ಕನ್ನಡ ಬಾರದು. ಆದರೂ, "ಅವನು ಅವಳ ಮಾತು ಹೇಳಿಬಿಟ್ಟನಾ?" ಎಂದು ಪಿಸುಗುಟ್ಟಿದರು. ಹೌದೆಂದೆ. ಹಿಡಿತ ಇನ್ನೂ ಬಿಗಿಯಾಯಿತು. ಹೋದ ವರ್ಷ ಅವರು ಹೇಗೆ ನಿಂತಿದ್ದರೆಂದು ಆ ಹಿಡಿತದಲ್ಲೇ ನನಗೆ ತಿಳಿಯಿತು.

ಪಂಕಜಮ್ಮ ಅವಸರಪಡಲಿಲ್ಲ. ಶಿಳ್ಳೆ ಇಳಿಯುವವರೆಗೆ ರಾಜನನ್ನೇ ಪ್ರೀತಿಯಿಂದ ನೋಡುತ್ತಾ ನಿಂತರು. ಆಮೇಲೆ ಮೆಲ್ಲಗೆ ಕಾಲಿಗೆರಗಿ ಹೇಳಿದರು: "ಪ್ರಭು, ನನ್ನ ಎದೆಯಲ್ಲಿದ್ದ ಮಾತು ತಮ್ಮ ಬಾಯಿಂದಲೇ ಬಂತು. ಇನ್ನು ನಾನು ಕೇಳುವುದೇನಿದೆ? ಇದಕ್ಕೆ ತಮ್ಮ ಉತ್ತರವನ್ನೂ ನಾನು ಬಲ್ಲೆ. 'ಏಳು ದೇವಿ, ತಪ್ಪು ನಿನ್ನದಲ್ಲ' ಎನ್ನುವಿರಿ, ಅಲ್ಲವೇ?"

"ಏಳು ದೇವಿ" ಎಂದರು ಗಂಗಣ್ಣ, ನೀರಿನಿಂದ ಮೇಲೆ ಬಂದವರ ಹಾಗೆ. "ತಪ್ಪು ನಿನ್ನದಲ್ಲ." ಮೇಷ್ಟ್ರು ಶ್ರುತಿ ಹಿಡಿದರು, ರಾಜ ಹಾಡು ಎತ್ತಿದ. ಈ ಸಲದ ಒನ್ಸ್ ಮೋರ್ ಇಡೀ ಛತ್ರದ್ದು. ಲಿಗಾಯ ಅವರ ಕಣ್ಣು ತುಂಬಿತ್ತು.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಅನ್ನ, ಪಾಯಸ. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದು ಹೇಳಿಕೊಟ್ಟೆ. ಲಿಗಾಯ ಅಗಿದೇ ತಿಂದರು. ಕೈ ತೊಳೆಯುವಾಗ ತಟ್ಟನೆ ಕೇಳಿದರು: "ಮಾರಿಸೆಲ್ ನಿನ್ನನ್ನ ಕಾವಲಿಗೆ ಹಾಕಿದ್ದಾಳೆ, ನನಗೆ ಗೊತ್ತು. ನಿನ್ನ ರಿಪೋರ್ಟ್ ಏನು?"

ಸುತ್ತುಬಳಸಿ ಮಾತಾಡುವುದು ನನಗೆ ಬರುವುದಿಲ್ಲ. "ಮರೆವು ಇದೆ. ವಯಸ್ಸಿಗೆ ಸಹಜವಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಇರಬಹುದು. ಊರಿಗೆ ಹೋದಮೇಲೆ ಡಾಕ್ಟರಿಗೆ ತೋರಿಸಿ. ಆದರೆ ನಾಟಕ ಬೇಡ ಅಂತ ನಾನು ಹೇಳಲ್ಲ" ಎಂದೆ. ಮಾರಿಸೆಲ್‌ಗೂ ಇದನ್ನೇ ಬರೆದು ಕಳಿಸಿದೆ. ಅವಳು ಆ ದಿನ ಉತ್ತರ ಕೊಡಲಿಲ್ಲ.

ಲಿಗಾಯ ಕುಣಿಗಲ್ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತು ಮನಿಲಾಕ್ಕೆ ಫೋನು ಹಚ್ಚಿದರು. ಪಕ್ಕದಲ್ಲಿ ಸೌತೆಕಾಯಿ ಮಾರುವವಳು, ಎದುರಿಗೆ ಹಾರ್ನು ಹೊಡೆಯುತ್ತಿದ್ದ ಬಸ್ಸುಗಳು. ಅವರ ಭಾಷೆಯಲ್ಲಿ ಸ್ವಲ್ಪ ಹೊತ್ತು ಮಾತಾಡಿ, ಸುಮ್ಮನೆ ಕೇಳಿಸಿಕೊಂಡು, ಆಮೇಲೆ ಜೋರಾಗಿ ನಕ್ಕರು. ಫೋನು ಇಟ್ಟಮೇಲೆ ನನಗೆ ವರದಿ ಒಪ್ಪಿಸಿದರು. ಪಾತ್ರ ಮಾಡುತ್ತೇನೆ, ಯಂತ್ರ ಬೇಡ, ನನ್ನ ಎದುರಿನ ನಟ ನನ್ನ ಮಾತನ್ನೂ ಕಲಿಯಲಿ ಎಂದರಂತೆ. ಎದುರಿನವನು ಟೀವಿಯ ದೊಡ್ಡ ಹೀರೋ, ಅವನು ತನ್ನ ಮಾತನ್ನೇ ಕಲಿಯುವುದಿಲ್ಲ ಎಂದನಂತೆ ನಿರ್ದೇಶಕ.

"ಅದಕ್ಕೆ ನೀವೇನಂದಿರಿ?"

"ಹಾಗಾದರೆ ಅವನ ಮಾತೂ ನಾನೇ ಕಲೀತೀನಿ ಅಂದೆ."

ಬೆಂಗಳೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟುವ ಮೊದಲೇ ಲಿಗಾಯ ಮೊಬೈಲಿನಲ್ಲಿ ಹೊಸ ನಾಟಕದ ಪ್ರತಿ ತೆರೆದು ನನ್ನ ಕೈಗೆ ಕೊಟ್ಟರು. ಇಂಗ್ಲಿಷ್ ಲಿಪಿಯಲ್ಲಿದ್ದ, ಅರ್ಥ ತಿಳಿಯದ ಆ ಹೀರೋನ ಸಾಲುಗಳನ್ನು ನಾನು ಒಂದೊಂದಾಗಿ ಓದಿದೆ. ಅವರು ಕಣ್ಣು ಮುಚ್ಚಿ ಅಜ್ಜಿಯ ಉತ್ತರ ಹೇಳಿದರು, ಆಮೇಲೆ ಹೀರೋನ ಸಾಲನ್ನೂ ಹೇಳಿದರು. ಮುಂದಿನ ಸೀಟಿನ ಹುಡುಗಿ ತಿರುಗಿ ತಿರುಗಿ ನೋಡುತ್ತಿದ್ದಳು. ಸೋಲೂರು ಬರುವಷ್ಟರಲ್ಲಿ ಲಿಗಾಯ ಅವರಿಗೆ ಒಂದು ಕಡೆ ತಮ್ಮ ಸಾಲು ಜಾರಿತು. ಕಣ್ಣು ತೆರೆಯಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಎದುರಿನವನ ಸಾಲನ್ನು ಇನ್ನೊಮ್ಮೆ ತಾವೇ ಮೆಲ್ಲಗೆ ಹೇಳಿಕೊಂಡು, ಅದರ ಬೆನ್ನಿಗೆ ತಮ್ಮದನ್ನು ಹಿಡಿದರು.