ಲಿಫ್ಟಿನ ಪೋಸ್ಟ್ ತೆಗೆದದ್ದು

2024ರ ಮೇ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಗೆಳತಿಯ ಬ್ಲಾಗಿನಲ್ಲಿ ಇಪ್ಪತ್ತೊಂದನೆಯ ಪೋಸ್ಟ್ ಪ್ರಕಟವಾಯಿತು. ಬರೆದವಳು ಅವಳು, ತಿದ್ದಿದವಳು ನಾನು. ಹಿಂದಿನ ಇಪ್ಪತ್ತನ್ನೂ ಕೂಡಿಸಿದರೆ ಎಷ್ಟು ಜನ ಓದಿದ್ದರೋ ಅದಕ್ಕಿಂತ ಹೆಚ್ಚು ಜನ ಇದೊಂದನ್ನು ಮೂರು ದಿನಗಳಲ್ಲಿ ಓದಿದರು.

ಗೆಳತಿ ಮೈಸೂರಿನವಳು, ಸ್ಪೀಚ್ ಥೆರಪಿಸ್ಟ್. ಮಾತು ತಡವಾದ ಮಕ್ಕಳಿಗೆ ಮಾತು ಬರಿಸುವುದು ಅವಳ ಕೆಲಸ. ದೊಡ್ಡ ಕೇಂದ್ರವೊಂದರಲ್ಲಿ ಆರು ವರ್ಷ ದುಡಿದು, ಹಿಂದಿನ ಆಗಸ್ಟಿನಲ್ಲಿ ಅದನ್ನು ಬಿಟ್ಟು, ನಾವಿಬ್ಬರೂ ಈಗಿರುವ ಹೊರದೇಶದ ಊರಾದ ಸುಬಾಂಗ್ ಜಯಾದಲ್ಲಿ ಅಂಗಡಿ ಸಾಲೊಂದರ ಮೇಲಿನ ಮಹಡಿಯಲ್ಲಿ ಕೋಣೆ ಹಿಡಿದಿದ್ದಳು. ಕೆಳಗೆ ಕನ್ನಡಕದ ಅಂಗಡಿ, ಪಕ್ಕದಲ್ಲಿ ಟ್ಯೂಷನ್ ಸೆಂಟರ್. ಕರಾರು ಒಂದು ವರ್ಷದ್ದು. ಅಷ್ಟರೊಳಗೆ ವಾರಕ್ಕೆ ಹದಿನೈದು ಮಕ್ಕಳಾದರೂ ಬರುವಂತಾಗಬೇಕು, ಆಗದಿದ್ದರೆ ಕೋಣೆ ಬಿಟ್ಟು ಹಳೆಯ ಕೇಂದ್ರಕ್ಕೆ ಮರಳುವುದು ಎಂದು ಅವಳೇ ತೀರ್ಮಾನಿಸಿದ್ದಳು. ಫೆಬ್ರುವರಿಯಲ್ಲಿ ಬರುತ್ತಿದ್ದವರು ಆರು ಮಕ್ಕಳು.

ನಾನು ಉಡುಪಿಯವಳು. ಪತ್ರಿಕೆಯೊಂದರ ಡೆಸ್ಕಿನಲ್ಲಿ ಹದಿನಾಲ್ಕು ವರ್ಷ ಬೇರೆಯವರು ಬರೆದದ್ದನ್ನು ತಿದ್ದಿದೆ. ಗಂಡನಿಗೆ ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಸಿಕ್ಕಿದಾಗ ಜೊತೆಗೆ ಬಂದೆ.

ಕೋಣೆ ಹಿಡಿದ ವರ್ಷದ ಡಿಸೆಂಬರಿನ ಆರಂಭದಲ್ಲಿ, ಸಣ್ಣ ಉದ್ದಿಮೆ ನಡೆಸುವವರಿಗೆಂದು ಏರ್ಪಡಿಸಿದ್ದ ಉಚಿತ ಶಿಬಿರಕ್ಕೆ ಗೆಳತಿ ಹೋಗಿ ಬಂದಿದ್ದಳು. ಅಲ್ಲಿ ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದಳು. ವಾರಕ್ಕೊಂದು ಬರಹ ಬರೆಯಬೇಕು. ಅದರ ತುಣುಕುಗಳನ್ನು ಸೋಷಿಯಲ್ ಮೀಡಿಯಾದಲ್ಲಿ ಹಾಕಬೇಕು. ನನ್ನ ಹತ್ತಿರ ಬನ್ನಿ ಎಂದು ಎಲ್ಲೂ ಹೇಳಬಾರದು. ಗೊತ್ತಿರುವುದನ್ನು ಹೇಳುತ್ತಾ ಹೋದರೆ ಈ ವಿಷಯಕ್ಕೆ ಇವರನ್ನೇ ಕೇಳಬೇಕು ಎಂದು ಜನರಿಗೆ ತಾವಾಗಿ ಅನಿಸುತ್ತದೆ. ಹೀಗೆ ನಿಜಕ್ಕೂ ಆಗುತ್ತದೆಯೇ ಎಂದು ತಿಳಿಯುವ ಆಸೆಯಿಂದಲೇ ನಾನು ತಿದ್ದಿಕೊಡಲು ಒಪ್ಪಿದೆ.

ಪತ್ರಿಕೆಯಲ್ಲಿದ್ದಷ್ಟು ಕಾಲ ಯಾವ ಪುಟವನ್ನು ಯಾರು ಓದುತ್ತಾರೆಂಬುದು ನಮಗೆ ತಿಳಿದಿರಲಿಲ್ಲ. ಬ್ಲಾಗಿನ ಅಂಕಿಅಂಶಗಳಲ್ಲಿ ಅದು ಗಂಟೆಗಂಟೆಗೂ ಗೊತ್ತಾಗುತ್ತಿತ್ತು. ಮನೆಯಲ್ಲಿ ಎರಡು ಭಾಷೆ ಆಡಿದರೆ ಮಗುವಿನ ಮಾತು ತಡವಾಗುತ್ತದೆಯೇ ಎಂಬ ಹಳೆಯ ಪೋಸ್ಟನ್ನು ಪ್ರತಿ ಭಾನುವಾರ ಸಂಜೆ ಹತ್ತಿರದ ಊರು ಪುತ್ರಜಯಾದಿಂದ ಯಾರೋ ತೆರೆಯುತ್ತಿದ್ದರು. ಒಬ್ಬರೇ ಇರಬಹುದು, ವಾರಕ್ಕೊಬ್ಬರು ಇರಬಹುದು. ತೆರೆದವರು ಕೊನೆಯವರೆಗೂ ಓದುತ್ತಿದ್ದರು, ಫೋನ್ ಮಾತ್ರ ಮಾಡುತ್ತಿರಲಿಲ್ಲ. ಅದು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ.

ಮೊದಲ ಇಪ್ಪತ್ತು ಪೋಸ್ಟ್‌ಗಳಲ್ಲಿ ತಪ್ಪು ಹುಡುಕಿದರೂ ಸಿಗುವಂತಿರಲಿಲ್ಲ. ಹೇಳಿದ ಪ್ರತಿ ಮಾತಿಗೂ ಆಧಾರವಿತ್ತು. ಆದರೆ ಓದಲು ಪಠ್ಯಪುಸ್ತಕದಂತಿದ್ದವು. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಮನೆ ಹತ್ತಿರದ, ಇಲ್ಲಿ ಮಾಮಕ್ ಎಂದು ಕರೆಯುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ರೋಟಿ ತಿನ್ನುತ್ತಾ ಹೊಸ ಕರಡು ನೋಡಿದೆ.

"ಎಲ್ಲ ಸರಿ ಉಂಟು, ಮಾರಾಯ್ತಿ. ಆದ್ರೆ ಇದ್ರಲ್ಲಿ ಒಂದೇ ಒಂದು ಮಗು ಕಾಣುದಿಲ್ಲ ನಂಗೆ," ಎಂದೆ.

"ಅಕ್ಕ, ಇದು ನಿಮ್ಮ ಪೇಪರ್ ಅಲ್ಲ, ಬ್ಲಾಗು."

"ಎಂತದಾದ್ರೂ ಓದುವವ ಮನುಷ್ಯನೇ ಅಲ್ವಾ? ಯಾವ ಮಗು, ಎಲ್ಲಿ, ಎಂತ ಹೇಳ್ತು, ಅದನ್ನು ಹಾಕು."

ಆಗ ಅವಳು ಲಿಫ್ಟಿನ ವಿಷಯ ಹೇಳಿದಳು. ಅವಳ ಹತ್ತಿರ ಬರುತ್ತಿದ್ದ ನಾಲ್ಕು ವರ್ಷದ ಹುಡುಗಿಗೆ ಕನ್ನಡವೂ ಇಂಗ್ಲಿಷೂ ತಿಳಿಯುತ್ತಿತ್ತು. ಯಾರಾದರೂ ಮಾತನಾಡಿಸಿದರೆ ಮಾತ್ರ ಒಂದೆರಡು ಶಬ್ದಕ್ಕಿಂತ ಹೆಚ್ಚು ಹೊರಡುತ್ತಿರಲಿಲ್ಲ. ಅವರಿದ್ದ ಕಟ್ಟಡದ ಲಿಫ್ಟ್ ಬಾಗಿಲು ಮುಚ್ಚುವ ಮುಂಚೆ ಅದನ್ನು ದನಿಯಲ್ಲಿ ಹೇಳುತ್ತದೆ. ಒಂದು ಸಂಜೆ ಆ ದನಿಗೆ ಮಗು ಉತ್ತರ ಕೊಟ್ಟಿತು: "ತಡಿ, ಅಜ್ಜಿ ಇನ್ನೂ ಚಪ್ಪಲಿ ಹಾಕ್ಕೋತಿದಾರೆ." ಮನೆಯವರು ಅದರ ಬಾಯಲ್ಲಿ ಕೇಳಿದ ಮೊದಲ ಪೂರ್ತಿ ವಾಕ್ಯ ಅದು. ಮರುದಿನದಿಂದ ಅದು ಲಿಫ್ಟಿನ ಜೊತೆ ದಿನಾಲೂ ಮಾತನಾಡತೊಡಗಿತು, ಜನರ ಜೊತೆ ಅಲ್ಲ.

ಯಾಕೆ ಹಾಗೆ ಎಂದು ಕೇಳಿದೆ. ಲಿಫ್ಟ್ ತನ್ನ ಪಾಡಿಗೆ ಹೇಳಿ ಮುಗಿಸುತ್ತದೆ, ಉತ್ತರಕ್ಕಾಗಿ ಮುಖ ನೋಡುತ್ತಾ ಕಾಯುವುದಿಲ್ಲ, ಅದಕ್ಕೇ ಇರಬೇಕು ಎಂದಳು. ದೊಡ್ಡವರು ಮಾತ್ರ ಇದೇನು, ಅದೇನು ಎಂದು ಪರೀಕ್ಷೆಯವರಂತೆ ಕೇಳಿ ಕಾಯುತ್ತಾರೆ. ಇದು ಹೊಳೆದ ಮೇಲೆ ಅವಳು ತನ್ನ ಕೋಣೆಯಲ್ಲಿ ಆ ಮಗುವಿಗೆ ಪ್ರಶ್ನೆ ಹಾಕುವುದನ್ನೇ ಬಿಟ್ಟಿದ್ದಳು. ಇಷ್ಟು ಸಾಕು, ಇದನ್ನೇ ಬರಿ ಎಂದೆ.

ಹೆಸರು ಹಾಕಲಿಲ್ಲ. ಊರು ಹಾಕಲಿಲ್ಲ. ಹುಡುಗಿ ಎನ್ನದೆ ಮಗು ಎಂದಷ್ಟೇ ಬರೆದೆವು. ಇಲ್ಲಿ ನಾಲ್ಕು ಎಂಬ ಅಂಕಿ ಅಶುಭವೆಂದು ನಾಲ್ಕನೆಯ ಮಹಡಿಗೆ ಎಷ್ಟೋ ಲಿಫ್ಟ್‌ಗಳಲ್ಲಿ 'ಮೂರು-ಎ' ಎಂದು ಬರೆದಿರುತ್ತಾರೆ; ಮಗು ಇಳಿಯುವ ಮಹಡಿಯೂ ಅದೇ ಆಗಿತ್ತು. ಅವಳು ಅದನ್ನು ಬಿಡೋಣ ಎಂದಾಗ, ಅಂಥ ಮಹಡಿ ಕಟ್ಟಡಕ್ಕೊಂದಿದೆ ಎಂದು ನಾನೇ ಉಳಿಸಿದೆ. ಹೆಸರಿಲ್ಲದೆ ಅನುಭವ ಬಳಸಿಕೊಳ್ಳಬಹುದು ಎಂದು ಸೇರುವಾಗಿನ ಅರ್ಜಿಯಲ್ಲಿ ತಾಯಿ ಸಹಿ ಹಾಕಿದ್ದರು. ಇನ್ನೊಮ್ಮೆ ಕೇಳಬೇಕು ಎಂದು ನನಗೆ ತೋಚಲಿಲ್ಲ. ಹೆಸರು ಹಾಕುವ ಸುದ್ದಿಗೆ ಸಂಬಂಧಪಟ್ಟವರಿಗೆ ಫೋನ್ ಮಾಡುವುದು ನಮ್ಮ ಡೆಸ್ಕಿನ ನಿಯಮವಾಗಿತ್ತು. ಹೆಸರಿಲ್ಲದ ಸುದ್ದಿಗೆ ಅಂಥ ನಿಯಮ ಇರಲಿಲ್ಲ.

ಪೋಸ್ಟ್ ಹೇಗೆ ಹರಡಿತು ಎಂದು ಆ ವಾರವೆಲ್ಲ ಹಿಂಬಾಲಿಸಿದೆ. ಗೆಳತಿ ಅದನ್ನು ಕನ್ನಡ ಕುಟುಂಬಗಳ ಗ್ರೂಪಿಗೆ ಕಳಿಸಿದ್ದಳು. ಅಲ್ಲಿಂದ ಶಿಶುವಿಹಾರದ ಟೀಚರುಗಳ ಗುಂಪಿಗೆ ಹೋಯಿತು. ಯಾರೋ ತಮಿಳಿಗೆ ಮಾಡಿದರು. ಅದರಲ್ಲಿ ಅಜ್ಜಿಯ ಬದಲು ತಾತ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಇನ್ನೊಂದು ಪ್ರತಿಯಲ್ಲಿ ಘಟನೆ ಸಿಂಗಾಪುರದಲ್ಲಿ ನಡೆದಿತ್ತು. ಎರಡನೆಯ ವಾರದ ಕೊನೆಗೆ ಹನ್ನೊಂದು ಮನೆಗಳಿಂದ ಫೋನ್ ಬಂದಿತ್ತು, ಏಳು ಮಂದಿ ದಿನ ಗೊತ್ತುಮಾಡಿಕೊಂಡಿದ್ದರು. ಆರೂ ಏಳೂ ಹದಿಮೂರು. ಇನ್ನಿಬ್ಬರು ಬಂದರೆ ಸಾಕಿತ್ತು.

ಮರುವಾರದ ಗುರುವಾರ ನಾಲ್ಕು ಗಂಟೆಗೆ, ಆ ಮಗು ಬರುವ ಹೊತ್ತಿಗೆ, ತಾಯಿಯೊಬ್ಬರೇ ಬಂದರು. ಅವರು ಬೆಂಗಳೂರಿನವರು, ಸೈಬರ್‌ಜಯಾದ ಸಾಫ್ಟ್‌ವೇರ್ ಕಚೇರಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದರು. ನಾನು ಮೂಲೆಯಲ್ಲಿ ಮುಂದಿನ ಕರಡು ಹಿಡಿದು ಕೂತಿದ್ದೆ. ಇವರೇ ತಿದ್ದಿದವರು ಎಂದು ಗೆಳತಿ ಪರಿಚಯಿಸಿದಳು. ಅವರು ತಲೆಯಾಡಿಸಿದರು, ಕುಳಿತುಕೊಳ್ಳಲಿಲ್ಲ.

"ಹೆಸರು ಹಾಕಿಲ್ಲ, ಗೊತ್ತು," ಎಂದರು. "ಆದ್ರೆ ನಮ್ಮ ಬ್ಲಾಕಲ್ಲಿ ಲಿಫ್ಟ್ ಜೊತೆ ಮಾತಾಡೋ ಮಗು ಒಂದೇ ಇರೋದು ಮೇಡಂ."

ಹೇಗೆ ತಿಳಿಯಿತು ಎಂದು ಕೇಳಿದವಳು ನಾನು. ಎದುರು ಮನೆಯ ತಮಿಳು ಆಂಟಿ ಲಿಫ್ಟಿನಲ್ಲೇ ಫೋನ್ ತೋರಿಸಿ, ನಿಮ್ಮ ಮಗಳು ಫೇಮಸ್ ಆದಳು ಲಾ ಎಂದು ಇಲ್ಲಿನವರ ಮಾತಿನ ಧಾಟಿಯಲ್ಲಿ ಸಂತೋಷಪಟ್ಟಿದ್ದರಂತೆ. ಅವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ ಎಂಬುದನ್ನು ತಾಯಿಯೇ ಎರಡು ಸಲ ಹೇಳಿದರು. ಆಮೇಲೆ ಉಳಿದ ಮನೆಗಳವರಿಗೂ ಗೊತ್ತಾಯಿತು.

"ಈಗ ಲಿಫ್ಟ್ ಹತ್ತಿದ್ರೆ ಎಲ್ರೂ ಇವಳ ಮುಖ ನೋಡ್ತಾ ಕಾಯ್ತಾರೆ, ಏನ್ ಹೇಳ್ತಾಳೆ ಅಂತ. ಮಾತಾಡೋದು ನಿಲ್ಲಿಸಿ ಒಂಬತ್ತು ದಿನ ಆಯ್ತು."

ಗೆಳತಿ ಕ್ಷಮೆ ಕೇಳಿದಳು. ಅವರು ಪೋಸ್ಟ್ ತೆಗೆಯಿರಿ ಎನ್ನಲಿಲ್ಲ. ಇನ್ನು ಮಗುವನ್ನು ಕರೆತರುವುದಿಲ್ಲ ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಬಾಗಿಲು ಹಾಕಿಕೊಂಡು ನಾವಿಬ್ಬರೂ ವಾದಿಸಿದೆವು. ನನಗೆ ಗೊತ್ತಿದ್ದುದು ಪತ್ರಿಕೆಯ ರೀತಿ: ಪ್ರಕಟವಾದದ್ದನ್ನು ಅಳಿಸುವುದಿಲ್ಲ, ತಪ್ಪಿದ್ದರೆ ತಿದ್ದುಪಡಿ ಹಾಕುತ್ತೇವೆ. ಲಿಫ್ಟಿನ ಬದಲು ಬೇರೇನಾದರೂ ಹಾಕಿ ಉಳಿಸಿಕೊಳ್ಳೋಣ ಎಂದೆ. ಕರೆ ಮಾಡಿದ ಹನ್ನೊಂದು ಮಂದಿಯೂ ಆ ಪೋಸ್ಟ್ ನೋಡಿಯೇ ಮಾಡಿದವರು ಎಂದೂ ನೆನಪಿಸಿದೆ.

"ಬದಲಾಯಿಸಿದ್ರೆ ಸುಳ್ಳಾಗತ್ತೆ, ಅಕ್ಕ. ಹಾಗೇ ಇಟ್ರೆ ಮಗು ಸಿಕ್ಕಿಬೀಳತ್ತೆ," ಎಂದಳು. "ನೀವೇ ಹೇಳಿ, ಇದರಲ್ಲಿ ತಿದ್ದೋದೇನಿದೆ?"

ಐದೂ ನಲವತ್ತಕ್ಕೆ ಅವಳು ಪೋಸ್ಟ್ ತೆಗೆದಳು. ಅದರ ಜಾಗದಲ್ಲಿ ಮೂರು ಸಾಲು ಬರೆದಳು: ಇಲ್ಲಿದ್ದ ಬರಹವನ್ನು ತೆಗೆಯಲಾಗಿದೆ, ಅದರಲ್ಲಿದ್ದ ಮಗುವನ್ನು ಗುರುತಿಸಬಹುದಿತ್ತು, ತಪ್ಪು ನನ್ನದು. ತಪ್ಪು ನಮ್ಮದು ಎಂದು ಮಾಡು ಎಂದೆ. ಬ್ಲಾಗಿನಲ್ಲಿರುವುದು ನನ್ನ ಹೆಸರು ಎಂದು ಒಪ್ಪಲಿಲ್ಲ.

ದಿನ ಗೊತ್ತುಮಾಡಿದ್ದ ಏಳು ಮಂದಿಯಲ್ಲಿ ಮೂವರು ಆ ಮೂರು ಸಾಲು ಓದಿ ಬರುವುದಿಲ್ಲವೆಂದು ತಿಳಿಸಿದರು. ಒಬ್ಬ ತಂದೆ ಮಾತ್ರ ತಮ್ಮ ಮಗನ ಬಗ್ಗೆಯೂ ಹಾಗೆ ಬರೆಯಬಹುದು, ಬೇಕಾದರೆ ಹೆಸರನ್ನೂ ಹಾಕಿ ಎಂದರು. ಅವರಿಗೆ ಇಲ್ಲವೆಂದು ಹೇಳಲು ಗೆಳತಿಗೆ ಹತ್ತು ನಿಮಿಷ ಹಿಡಿಯಿತು. ಈಗ ಅವಳ ಸೇರ್ಪಡೆ ಅರ್ಜಿಯಲ್ಲಿ ಅನುಭವ ಬಳಸಿಕೊಳ್ಳುವ ಸಾಲು ಇಲ್ಲ. ಇಲ್ಲಿಗೆ ಬರುವ ಯಾವ ಮಗುವಿನ ಬಗ್ಗೆಯೂ ಎಲ್ಲಿಯೂ ಬರೆಯುವುದಿಲ್ಲ ಎಂದಿದೆ. ಕೆಲವು ತಂದೆ ತಾಯಿ ಸಹಿ ಹಾಕುವ ಮೊದಲು ಅದೊಂದೇ ಸಾಲನ್ನು ಎರಡು ಸಲ ಓದುತ್ತಾರೆ ಎಂದು ಅವಳು ಹೇಳಿದ್ದಾಳೆ.

ಬ್ಲಾಗು ನಡೆಯುತ್ತಿದೆ. ಅದರಲ್ಲಿ ಈಗ ಮಕ್ಕಳಿಲ್ಲ, ಅವಳೇ ಇದ್ದಾಳೆ: ಕೋಣೆಯಲ್ಲಿ ತಾನು ಕೇಳಿದ ಅನಗತ್ಯ ಪ್ರಶ್ನೆಗಳು, ಅವಸರಪಟ್ಟ ದಿನಗಳು, ತಪ್ಪಾದ ಊಹೆಗಳು. ಓದುಗರು ಮೊದಲಿನಷ್ಟೇ ಕಡಿಮೆ. ತಪ್ಪು ಒಪ್ಪಿಕೊಂಡದ್ದು ಅವಳ ಮಾತಿಗೆ ತೂಕ ತಂದಿತೋ ಕಳೆಯಿತೋ ಎಂದು ಅಂಕಿಗಳಲ್ಲಿ ಹುಡುಕಿದ್ದೇನೆ. ಗೊತ್ತಾಗುವುದಿಲ್ಲ.

ತಾಯಿ ಏಳು ವಾರಗಳ ನಂತರ ಫೋನ್ ಮಾಡಿದರು. ನಡುವೆ ಬೇರೊಬ್ಬ ಥೆರಪಿಸ್ಟ್ ಹತ್ತಿರ ಹೋಗಿದ್ದರು. ಅಲ್ಲಿ ಪ್ರಶ್ನೆ ಜಾಸ್ತಿ ಎಂದರು. ಮರಳಿ ಬರಲು ಅವರದೊಂದು ಷರತ್ತಿತ್ತು: ಪ್ರತಿ ಸಲವೂ ತಾವು ಕೋಣೆಯಲ್ಲೇ ಕೂತಿರುವುದು. ಗೆಳತಿ ಒಪ್ಪಿದಳು.

ಆ ಕುಟುಂಬ ಈಗ ಕಟ್ಟಡ ಬಿಟ್ಟು ಪುತ್ರಜಯಾ ಕಡೆ ಲಿಫ್ಟ್ ಇಲ್ಲದ ಮನೆಗೆ ಹೋಗಿದೆ. ಈ ಬರಹವನ್ನು ಆ ತಾಯಿಗೆ ಮೊದಲೇ ಓದಿ ಹೇಳಿದ್ದೇನೆ. ಅವರು ಎರಡು ಕಡೆ ಬೇಡವೆಂದರು, ಅಲ್ಲಿದ್ದದ್ದನ್ನು ತೆಗೆದಿದ್ದೇನೆ. ಉಳಿದದ್ದಕ್ಕೆ ಅವರ ಒಪ್ಪಿಗೆ ಇದೆ.

ಆಗಸ್ಟಿನಲ್ಲಿ ಕರಾರು ಮುಗಿದಾಗ ವಾರಕ್ಕೆ ಬರುತ್ತಿದ್ದವರು ಹನ್ನೊಂದು ಮಕ್ಕಳು. ಗೆಳತಿ ಕೋಣೆಯನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿಕೊಂಡು, ಉಳಿದ ದಿನಗಳನ್ನು ಟ್ಯೂಷನ್ ಸೆಂಟರಿಗೆ ಬಿಟ್ಟುಕೊಟ್ಟಳು. ಎರಡು ದಿನ ಹಳೆಯ ಕೇಂದ್ರಕ್ಕೆ ಹೋಗುತ್ತಾಳೆ. ಆ ಏರ್ಪಾಡು ಇನ್ನೂ ಹಾಗೇ ಇದೆ.

ಕಳೆದ ಗುರುವಾರ ಆ ಹುಡುಗಿ ಬಂದಿದ್ದಳು. ನಲವತ್ತು ನಿಮಿಷಗಳಲ್ಲಿ ನಾಲ್ಕು ಪೂರ್ತಿ ವಾಕ್ಯ ಆಡಿದಳೆಂದು ಗೆಳತಿ ತಿಳಿಸಿದಳು. ಯಾವುವು ಎಂದು ಕೇಳಿದೆ. ಹೇಳಲಿಲ್ಲ.